ಪೆನ್‌ಡ್ರೈವ್ ಒಳಗಿನ ಅಮ್ಮ

“ಯೆಸ್ ಒತ್ಲಾ, ಹುಮಾ ಅಕ್ಕಾ?” ಕೀರ್ತನಾಳ ಬೆರಳು ಆಗಲೇ ಮೌಸಿನ ಮೇಲಿತ್ತು.

“ಏಯ್, ಬ್ಯಾಡ! ಕೈ ತೆಗಿ!” ಪಕ್ಕದ ಮನೆಯ ಹುಮಾ ತನ್ನ ಲ್ಯಾಪ್‌ಟಾಪನ್ನೇ ಎಳೆದುಕೊಂಡಳು. “ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತೈತೆ. ಹ್ಞೂಂ ಅಂದ್ರೆ ಎಲ್ಲಾ ಅಳಿಸಿ ಹೋಗುತ್ತೆ.”

ಅದು ಹರಿಹರದ ದೊಡ್ಡಮ್ಮನ ಮನೆ. ಪೆನ್‌ಡ್ರೈವಿನಲ್ಲಿ ಅಮ್ಮ ಹಾಡಿದ ಬೀಸುಕಲ್ಲಿನ ಹಾಡುಗಳಿದ್ದವು. ಎರಡು ಗಂಟೆಯ ವಿಡಿಯೋ. ದಾವಣಗೆರೆಯ ಕೀರ್ತನಾಳ ಶಾಲೆಯಲ್ಲಿ ಗುರುಮೂರ್ತಿ ಮೇಷ್ಟ್ರು ತೆಗೆದದ್ದು. ಅಮ್ಮ ನಾಚಿಕೊಂಡಳೆಂದು ಮಕ್ಕಳನ್ನೆಲ್ಲ ಹೊರಗೆ ಕಳಿಸಿದ್ದರು. ಆಮೇಲೆ ಕ್ಯಾಮೆರಾದಲ್ಲಿದ್ದದ್ದನ್ನು ಅಳಿಸಿಯೂ ಆಗಿತ್ತು. ಉಳಿದದ್ದು ಇದೊಂದೇ.

ಅಮ್ಮನಿಗೆ ಆ ಹಾಡು ಕಲಿಸಿದ್ದು ದೊಡ್ಡಮ್ಮ. ಕಾಲು ಮುರಿದು ಮಂಚ ಹಿಡಿದ ಅವರಿಗೆ ತೋರಿಸಲೆಂದೇ ಅಮ್ಮ ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿಯ ಸೀರೆ ಉಟ್ಟು ಬಂದಿದ್ದಳು.

“ಏನೂ ಇಲ್ಲೇನೇ ಅದ್ರಾಗೆ?” ಅಮ್ಮನ ದನಿ ಸಣ್ಣಗಾಯಿತು.

“ಐತೆ ರೇವತಕ್ಕಾ. ಸ್ಕೂಲ್ ಕಂಪ್ಯೂಟರ್ ಲಿನಕ್ಸು, ನಂದು ವಿಂಡೋಸು. ಅದು ತನ್ನ ರೀತೀಲಿ ಜೋಡಿಸಿಟ್ಟೈತೆ. ಇದಕ್ಕೆ ಓದಾಕೆ ಬರಲ್ಲ. ಓದಾಕೆ ಬರ್ದೇ ಇದ್ದಿದ್ದಕ್ಕೆ ಖಾಲಿ ಮಾಡ್ಲಾ ಅಂತೈತೆ.”

“ಥೇಟ್ ನಮ್ಮ ಯಜಮಾನ್ರ ಹಂಗೆ!” ಮಂಚದಿಂದ ದೊಡ್ಡಮ್ಮ ಅಂದರು. ಹುಮಾ ಕಿಸಕ್ಕನೆ ನಕ್ಕಳು.

“ಮೇಷ್ಟ್ರಿಗೆ ಹೇಳು ಕೀರ್ತನಾ. ಮೊದ್ಲು ವಿಡಿಯೋನ ಅವರ ಕಂಪ್ಯೂಟರಿಗೆ ಕಾಪಿ ಮಾಡ್ಬೇಕು. ಆಮೇಲೆ ಪೆನ್‌ಡ್ರೈವ್‌ನ ಎಕ್ಸ್‌ಫ್ಯಾಟ್ ಅನ್ನೋ ರೀತಿಗೆ ಫಾರ್ಮ್ಯಾಟ್ ಮಾಡಿ ವಾಪಸ್ ಹಾಕ್ಬೇಕು. ಅದನ್ನ ಎರಡು ಕಂಪ್ಯೂಟರೂ ಓದ್ತಾವೆ. ಫ್ಯಾಟ್ ಥರ್ಟಿಟೂ ಬ್ಯಾಡ, ಇಷ್ಟು ದೊಡ್ಡ ಫೈಲ್ ಅದರಾಗೆ ಹಿಡಿಸಲ್ಲ.”

ದಾವಣಗೆರೆಗೆ ಮರಳುವ ಬಸ್ಸು ಬಾತಿ ಊರು ದಾಟುವಾಗ ಕೀರ್ತನಾ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಒಳಗಿನ ಕತ್ತಲಲ್ಲಿ ಬೆರಳುದ್ದದ ಅಮ್ಮ ಕೂತಿದ್ದಳು. ಸಾಸಿವೆಯಷ್ಟು ಬೀಸುಕಲ್ಲು. ಅದು ತಿರುಗುತ್ತಿತ್ತು, ಬೆಳ್ಳಗೆ ಹಿಟ್ಟು ಉದುರುತ್ತಿತ್ತು. ಹಾಡು ಮಾತ್ರ ಕೇಳಿಸುತ್ತಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ದೊಡ್ಡಮ್ಮನ ಮನೆಯ ಅದೇ ಹಾಲ್. ಹುಮಾ ಹೇಳಿದಂತೆಯೇ ಮೇಷ್ಟ್ರು ಮಾಡಿಕೊಟ್ಟಿದ್ದರು. ಹುಮಾ ಕ್ಲಿಕ್ ಮಾಡಿದಳು. ಪರದೆಯ ಮೇಲೆ ಅಮ್ಮ ಬಂದಳು. ಮುಚ್ಚಿದ ಕಣ್ಣು, ಇಲ್ಲದ ಬೀಸುಕಲ್ಲನ್ನು ತಿರುಗಿಸುವ ಕೈ. ದೊಡ್ಡಮ್ಮನ ತುಟಿಗಳೂ ಅಲುಗತೊಡಗಿದವು.

“ನಾನಾ ಅದು?” ಅಮ್ಮ ಪಿಸುಗುಟ್ಟಿದಳು.

“ಅಮ್ಮಾ, ಇಷ್ಟೊಂದು ಹಾಡು ನಿಂಗೆ ಹೆಂಗೆ ಬರ್ತಾವೆ? ನಾನು ಕೇಳೇ ಇಲ್ಲ!”

“ದಿನಾ ಸಂಜೆ ಅಡಿಗೆಮನ್ಯಾಗೆ ಹಾಡ್ತೀನಲ್ಲೇ.”

ಸಂಜೆ. ಕಾರ್ಟೂನ್ ಬರುವ ಹೊತ್ತು. ಆಗೆಲ್ಲ ಟಿವಿಯ ಸೌಂಡ್ ಏರಿಸುತ್ತಿದ್ದ ತನ್ನದೇ ಕೈಯನ್ನು ಕೀರ್ತನಾ ನೋಡಿಕೊಂಡಳು.

ಮೆಲ್ಲಗೆ ಜರುಗಿ ಅಮ್ಮನ ಎದೆಗೆ ಒರಗಿದಳು. ಪರದೆಯ ಅಮ್ಮ ಹಾಡುತ್ತಿದ್ದಳು. ಈ ಅಮ್ಮನ ಎದೆಯಲ್ಲೂ ಅದೇ ಹಾಡು ಸಣ್ಣಗೆ ಗುನುಗುತ್ತಿತ್ತು. ಕೀರ್ತನಾ ಉಸಿರು ಬಿಗಿಹಿಡಿದು ಅಲ್ಲಿಗೇ ಕಿವಿಯಿಟ್ಟಳು.