ಮಾಸ್ತರಕಿ ಆರಿಸಿಕೊಂಡವನು

ಎಂ.ಎ. ಕೊನೆಯ ವರ್ಷದ ತರಗತಿಯಲ್ಲಿ ಪ್ರಾಧ್ಯಾಪಕರು ಒಬ್ಬೊಬ್ಬರನ್ನೇ ಎಬ್ಬಿಸಿ, ಮುಂದೇನು ಎಂದು ಕೇಳುತ್ತಿದ್ದರು. ಬ್ಯಾಂಕು, ವಕೀಲಿಕೆ, ಕಾಲೇಜು... ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ಹಳ್ಳಿ ಸಾಲಿ ಮಾಸ್ತರ ಆಗತೇನ್ರಿ."

ಕೃಷ್ಣವ್ವ ತಡೆಯಲಾರದೆ ನಕ್ಕುಬಿಟ್ಟಳು. ತಿರುಗಿ ನೋಡಿದರೆ ಅವನ ಕಣ್ಣು ನೇರ ಅವಳ ಮೇಲೇ ಇತ್ತು. ಸಿಟ್ಟಲ್ಲ... ನೋವು.

ಅದು 1974. ಧಾರವಾಡದ ಆ ತರಗತಿಯಲ್ಲಿ ಸವದತ್ತಿಯ ಹುಡುಗಿ ಅವಳೊಬ್ಬಳೇ. ಅವನು ಮುರಗೋಡದ ಹತ್ತಿರದ ಹಳ್ಳಿಯ ನಿಜಗುಣಪ್ಪ. ಸಂಜೆ ಕ್ಷಮೆ ಕೇಳಲು ಹೋದವಳಿಗೆ ತನ್ನೂರಿನ ಕಥೆ ಹೇಳಿದ. ಬಂದ ಮಾಸ್ತರರು ಆರು ತಿಂಗಳೂ ನಿಲ್ಲುವುದಿಲ್ಲವಂತೆ. ಮಕ್ಕಳು ಸಾಲಿ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಾರಂತೆ.

ಕ್ಷಮೆಯಿಂದ ಶುರುವಾದ ಮಾತು ಪ್ರೀತಿಗೆ ತಿರುಗಿತು. ಆದರೆ ಬಟ್ಟೆ ಹೊಲಿದು ಮಗಳನ್ನು ಓದಿಸಿದ ಅಪ್ಪ ಶಟ್ಟೆಪ್ಪ, ದೊಡ್ಡ ನೌಕರಿಯ ಅಳಿಯನೇ ಬೇಕೆಂದಿದ್ದ. ಇಬ್ಬರೂ ಬ್ಯಾಂಕಿನ ಪರೀಕ್ಷೆ ಬರೆಯೋಣ ಎಂದು ಅವಳು ಹಟ ಹಿಡಿದಳು.

"ಮಾಸ್ತರನ ಹೆಂಡತಿ ಅನಿಸಿಕೊಳ್ಳಾಕ ಇಷ್ಟ ಓದಬೇಕಾಗಿತ್ತೇನು?"

ಅವನು ಅರ್ಜಿ ತುಂಬಿದ.

ಬೆಳಗಾವಿಯ ಪರೀಕ್ಷೆಗೆ ಅವನು ಬರಲೇ ಇಲ್ಲ. ಆಮೇಲೆ ಒಂದು ಕಾಗದವೂ ಬರಲಿಲ್ಲ. 'ನಾ ಅವಂಗ ಬ್ಯಾಡಾದೆ...'

ಅವಳು ಪಾಸಾಗಿ ರಾಮದುರ್ಗದ ಬ್ಯಾಂಕಿಗೆ ಸೇರಿದಳು. ಬಾಡಿಗೆಯ ಕೋಣೆ, ಒಂಟಿ ಊಟ. ಬಂದ ವರಗಳನ್ನೆಲ್ಲ ಬೇಡವೆಂದಳು. ಎರಡನೇ ವರ್ಷ ಅಪ್ಪ ತೀರಿಕೊಂಡ. ಮದುವೆಯ ಮಾತೂ ಅಲ್ಲಿಗೇ ನಿಂತಿತು.

ಮತ್ತೊಂದು ವರ್ಷ ಕಳೆಯಿತು. ಬ್ಯಾಂಕಿಗೆ ಬಂದ ಮುದುಕ ಲಗಮಪ್ಪ, ತನ್ನದು ಮುರಗೋಡದ ಕಡೆ ಎಂದ. ಅಂಜುತ್ತಲೇ ನಿಜಗುಣಪ್ಪನ ಬಗ್ಗೆ ವಿಚಾರಿಸಿದಳು. ಮುದುಕ ಅವನ ಸೋದರಮಾವನೇ! ಹುಡುಗ ಅಂದು ಪರೀಕ್ಷೆಯ ಕೋಣೆಯ ಬಾಗಿಲಿನವರೆಗೂ ಹೋಗಿ ತಿರುಗಿ ಬಂದನಂತೆ. ಮಾಸ್ತರನ ಹೆಂಡತಿಯಾಗಲು ನಾಚುವವಳನ್ನು ಕಟ್ಟಿಕೊಂಡು ಅಳಿಸುವುದು ಬೇಡ ಅಂದನಂತೆ. ಊರ ಸಾಲಿಯಲ್ಲೇ ಮಾಸ್ತರನಾಗಿ, ಇನ್ನೂ ಮದುವೆಯಾಗದೆ ಅವ್ವನ ಜೊತೆ ಇದ್ದಾನಂತೆ.

ಮರುದಿನವೇ ರಜೆ ಹಾಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನದೇ ಮಾತು ತನ್ನನ್ನು ಚುಚ್ಚುತ್ತಿತ್ತು.

ಸಾಲಿಯ ಪಡಸಾಲೆಯಲ್ಲಿ ಅವನು ನಿಂತಿದ್ದ. ಸೊರಗಿದ್ದ. ಅವಳನ್ನು ಕಂಡು ಮಕ್ಕಳನ್ನು ಊಟಕ್ಕೆ ಬಿಟ್ಟ.

"ಯಾಕ ಬಂದಿ, ಕೃಷ್ಣವ್ವ?"

"ಬೈಸಿಕೊಳ್ಳಾಕ ಬಂದೇನಿ... ಒಂದು ಮಾತು ಇಷ್ಟ ದೂರ ಒಯ್ದೀತು ಅಂತ ತಿಳಿದಿರಲಿಲ್ಲರಿ."

ಅವನು ಕೈಗಂಟಿದ ಸುಣ್ಣದ ಪುಡಿ ಒರೆಸಿಕೊಂಡ.

"ನಂದೂ ತಪ್ಪು ಐತಿ. ಕಾಗದ ಬರದು ಬರದು ಹರದೆ. ಆದ್ರ ಈ ಊರು ಬಿಟ್ಟು ನಾ ಬರಾಂಗಿಲ್ಲ."

"ಬರ್ರಿ ಅನ್ನಾಕ ಬಂದಿಲ್ಲ. ನಾನ ಇತ್ತಾಗ ಬದಲಿ ಕೇಳತೇನಿ. ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು ನನಗ."

"ಅಪ್ಪ ಏನಂತಾರ?"

"ಅಪ್ಪ... ಹೋಗಿ ವರ್ಷಾತು."

ಅವನ ಮುಖ ಬಾಡಿತು. ಹತ್ತಿರ ಬಂದು ಅವಳ ಕೈ ಹಿಡಿದ.

"ಒಬ್ಬಾಕೀನ ಇದ್ದಿಯೇನು, ಇಷ್ಟು ದಿನಾ?"

ಅವಳು ಹೌದೆಂದು ತಲೆಯಾಡಿಸಿದಳು. ಅಳು ಆಗ ಬಂತು.

"ಊಟಾ ಆಗೇತಿ?"

"ಇಲ್ಲ."

"ನಡಿ... ಅವ್ವ ರೊಟ್ಟಿ ಮಾಡ್ಯಾಳ. ಇಬ್ಬರೂ ಕೂಡಿ ಉಣ್ಣೂಣು."