ನಾಲ್ಕನೇ ಡಿಸ್ಕ್

ಮೂರನೇ ಮಹಡಿ. ನನ್ನ ಎಡಗಾಲು ಭಗವಂತರಾಯರ ಬಾಲ್ಕನಿಯಲ್ಲಿ, ಬಲಗಾಲು ಸಂಜೀವಪ್ಪನ ಬಾಲ್ಕನಿಯಲ್ಲಿ. ನಡುವೆ ಮೂರಡಿ ಗಾಳಿ.

ಕೆಳಗೆ ಜೋಗುಪಾಳ್ಯದ ಗಲ್ಲಿ. ಯಾರೂ ಮೇಲೆ ನೋಡಲಿಲ್ಲ. ನೋಡಿದ್ದರೆ ವಿಡಿಯೋ ಮಾಡುತ್ತಿದ್ದರು.

ಎದುರಿಗೆ ದಾರದಲ್ಲಿ ಡಿವಿಡಿಯೊಂದು ತಿರುಗುತ್ತಿತ್ತು. ಕಟಿಂಗ್ ಪ್ಲೇಯರ್‌ನಿಂದ ದಾರ ಕತ್ತರಿಸಿದೆ. ಹೊಳೆಯುವ ಬದಿ ಮುಟ್ಟಬಾರದು. ತೂತಿಗೆ ಬೆರಳು ತೂರಿಸಿ ಹಿಡಿದುಕೊಂಡೆ.

ಆಗ ಬಾಗಿಲು ತೆರೆಯಿತು. ಸಂಜೀವಪ್ಪ.

“ಯಾರೋ ನೀನು?”

“ಕಂಪ್ಯೂಟರ್ ರಿಪೇರಿ ಸಾರ್.”

“ನನ್ನ ಬಾಲ್ಕನೀಲಿ ಯಾವ ಕಂಪ್ಯೂಟರ್ ಇದೆ?”

ನನ್ನ ಕಾಲರ್ ಹಿಡಿದ.

ಒಳಗಿಂದ ಅವನ ಹೆಂಡತಿ ಆದಿಲಕ್ಷ್ಮಿ ಕೂಗಿದರು. “ತಳ್ಳೋದಾದ್ರೆ ಆ ಬಾಲ್ಕನಿ ಕಡೆಗೆ ತಳ್ರೀ. ಕೆಳಗೆ ಬಿದ್ರೆ ಪೊಲೀಸ್ನೋರು ನಮ್ಮನೆಗೇ ಬರೋದು.”

ತಳ್ಳಿದ. ಭಗವಂತರಾಯರ ತುಳಸಿ ಕುಂಡದ ಮೇಲೆ ಬಿದ್ದೆ. ಡಿಸ್ಕ್ ಉಳಿಯಿತು. ಮೊಣಕೈ ಉಳಿಯಲಿಲ್ಲ.

ನಾನು ನಜೀರ್. ಶಿವಾಜಿನಗರದಲ್ಲಿ ಅಂಗಡಿ. ಸರ್ವಿಸ್ ಸೆಂಟರ್‌ನವರು ಕೈಚೆಲ್ಲಿದ ಕಂಪ್ಯೂಟರುಗಳು ನನ್ನ ಹತ್ತಿರ ಬರುತ್ತವೆ.

ಭಗವಂತರಾಯರು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕ್ ಮಾಡಿ ನಿವೃತ್ತರಾದವರು. ಕ್ಲೌಡ್ ನಂಬುವುದಿಲ್ಲ. “ಯಾರ ಮನೆ ಮೋಡ ರೀ ಅದು?” ಅನ್ನುತ್ತಾರೆ. ಪ್ರತಿ ತಿಂಗಳೂ ಇಡೀ ಕಂಪ್ಯೂಟರನ್ನು ಆರು ಡಿವಿಡಿಗಳಿಗೆ ಬರೆದಿಡುತ್ತಾರೆ.

ಆವತ್ತು ಬೆಳಗ್ಗೆ ಅವರ ಹಾರ್ಡ್ ಡಿಸ್ಕ್ ಸತ್ತಿತ್ತು. ಸಂಜೆ ಆರಕ್ಕೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್.

ಪ್ರೆಸಿಡೆಂಟ್ ಸಂಜೀವಪ್ಪ ಟೆರೇಸ್ ಮೇಲೆ ಮೊಬೈಲ್ ಟವರ್ ಹಾಕಿಸಲು ಹೊರಟಿದ್ದ. ಎಲ್ಲರೂ ಒಪ್ಪಿದ್ದಾರೆ ಎನ್ನುವುದಕ್ಕೆ ಅವನ ಬಳಿ ಫೋಟೋ ಇತ್ತು: ಹಿಂದಿನ ಮೀಟಿಂಗಿನಲ್ಲಿ ಹದಿನಾಲ್ಕು ಜನ ಕೈ ಎತ್ತಿದ ಫೋಟೋ. ರಾಯರ ಬಳಿ ಅದೇ ಮೀಟಿಂಗಿನ ವಿಡಿಯೋ ಇತ್ತು. ಮಾತು ಸಮೇತ. ಈಗ ಅದು ಉಳಿದಿದ್ದು ಆ ಆರು ಡಿಸ್ಕುಗಳಲ್ಲಿ ಮಾತ್ರ.

ಹೊಸ ಹಾರ್ಡ್ ಡಿಸ್ಕ್ ಹಾಕಿ ರಿಸ್ಟೋರ್ ಶುರು ಮಾಡಿದ್ದೆ. ಒಂದು, ಎರಡು, ಮೂರು. ‘ನಾಲ್ಕನೇ ಡಿಸ್ಕ್ ಹಾಕಿ’ ಎಂದಿತು ಕಂಪ್ಯೂಟರ್.

ಕವರ್ ಖಾಲಿ. ಒಂದು ಇಲ್ಲದಿದ್ದರೆ ಉಳಿದ ಐದೂ ದಂಡ.

ರಾಯರು ಹೆಂಡತಿಯನ್ನು ಕೂಗಿದರು. “ಸೀತಾ, ನಾಲ್ಕನೇದು ಎಲ್ಲೇ?”

“ಅದಾ? ಪಾರಿವಾಳದ ಕಾಟ ಅಂದ್ರು ಆದಿಲಕ್ಷ್ಮಿ. ತೂಗುಹಾಕಿ ಹೆದರಿಸೋಕೆ ಅಂತ ಹೋದ ವಾರ ಕೊಟ್ಟೆ. ನಿಮ್ಮ ಹತ್ರ ಇನ್ನೂ ಐದು ಇತ್ತಲ್ಲ.”

ಬ್ಯಾಕಪ್ಪನ್ನು ಬೇರೆ ಮನೆಯಲ್ಲಿಡಿ ಎಂದು ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಿದ್ದೇನೆ. ಹಾಗೆ ಮಾಡಿದವರು ಸೀತಮ್ಮ ಒಬ್ಬರೇ.

ಕೇಳಿದರೆ ಸಂಜೀವಪ್ಪ ಕೊಡುವವನಲ್ಲ. ಹೀಗೆ ನಾನು ಬಾಲ್ಕನಿ ದಾಟಿದ್ದು.

ತಂದ ಡಿಸ್ಕನ್ನು ಸೋಪು ನೀರಿನಲ್ಲಿ ತೊಳೆದೆ. ಪಾರಿವಾಳ ಹೆದರಿರಲಿಲ್ಲ ಎಂಬುದಕ್ಕೆ ಅದರ ಮೇಲೆ ಪುರಾವೆ ಇತ್ತು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಡ್ರೈವ್‌ಗೆ ಹಾಕಿದೆ.

ಗರಗರ ಎಂದಿತು... ನಿಂತಿತು... ಓದಿತು.

ಐದನೆಯದು ಹಾಕಿದೆ. ಫ್ಯಾನ್ ನಿಂತಿತು.

ಬಾಲ್ಕನಿಯಿಂದ ಬಗ್ಗಿ ನೋಡಿದೆ. ಕೆಳಗೆ ಮೀಟರ್ ಬೋರ್ಡಿನ ಬಳಿ ಸಂಜೀವಪ್ಪ. ರಾಯರ ಮನೆಯ ಫ್ಯೂಸ್ ಅವನ ಕೈಯಲ್ಲಿ. ಮೇಲೆ ನೋಡಿ ನಕ್ಕ.

ಯುಪಿಎಸ್ ಕೂಗತೊಡಗಿತು. ಅದು ಹತ್ತು ನಿಮಿಷ ಬರುತ್ತದೆ. ನನಗೆ ಹದಿನೈದು ಬೇಕು.

“ಮಾನಿಟರ್ ಆಫ್ ಮಾಡಿ ಸಾರ್. ಕರೆಂಟ್ ಉಳಿಯುತ್ತೆ.”

“ಕಾಣೋದು ಹೇಗ್ರೀ?”

“ಕಾಣಬೇಕಾಗಿಲ್ಲ. ಓದಿ ಮುಗಿದ್ರೆ ಟ್ರೇ ತಾನೇ ಹೊರಗೆ ಬರುತ್ತೆ.”

ಮೂವರೂ ಕಪ್ಪು ಪರದೆಯ ಮುಂದೆ ಕೂತೆವು. ಟ್ರೇ ಬಂತು. ಆರನೆಯದು ಹಾಕಿದೆ. ಸೀತಮ್ಮ ಸಹಸ್ರನಾಮ ಶುರು ಮಾಡಿದರು. ನೂರು ಹೆಸರು ದಾಟುವಷ್ಟರಲ್ಲಿ ಟ್ರೇ ಮತ್ತೆ ಬಂತು.

ಮಾನಿಟರ್ ಹಾಕಿದೆ. ವಿಡಿಯೋ ಇತ್ತು. ಪೆನ್‌ಡ್ರೈವ್‌ಗೆ ಎಳೆದುಕೊಂಡೆ. ಯುಪಿಎಸ್ ಸತ್ತಿತು.

ಆರಕ್ಕೆ ಕೆಳಗಿನ ಹಾಲ್‌ನಲ್ಲಿ ಸಂಜೀವಪ್ಪ ಫೋಟೋ ಹಿಡಿದು ನಿಂತ. ನಾನು ಟಿವಿಗೆ ಪೆನ್‌ಡ್ರೈವ್ ಚುಚ್ಚಿದೆ. ಅವೇ ಹದಿನಾಲ್ಕು ಕೈಗಳು. ಜೊತೆಗೆ ಸಂಜೀವಪ್ಪನದೇ ದನಿ:

“ಇನ್ನೊಂದು ರೌಂಡ್ ಕಾಫಿ ಯಾರ್ಯಾರಿಗೆ ಬೇಕು? ಕೈ ಎತ್ರಪ್ಪಾ.”

ಆದಿಲಕ್ಷ್ಮಿ ಗಂಡನ ಮುಖ ನೋಡಿ ಎದ್ದು ಹೋದರು. ಟವರ್ ಕಂಪನಿಯ ಅಗ್ರಿಮೆಂಟನ್ನು ಸಂಜೀವಪ್ಪನೇ ಮಡಚಿ ಜೇಬಿಗಿಟ್ಟುಕೊಂಡ.

ರಾಯರು ಎದ್ದು ನಿಂತರು. “ಸರಿ. ಟವರ್ ಬೇಡ ಅನ್ನೋರು ಕೈ ಎತ್ತಿ.”

ಹಾಲ್ ತುಂಬ ಜನ. ಟವರ್ ಯಾರಿಗೂ ಬೇಡ. ಆದರೆ ಎಲ್ಲರ ಕಣ್ಣೂ ಇನ್ನೂ ಆ ಫೋಟೋ ಮೇಲೇ.

ಒಂದು ಕೈಯೂ ಮೇಲೇಳಲಿಲ್ಲ.