ಸೋಮವಾರ ಅದೆರಿತು ಬರಲಿಲ್ಲ

ಎಂಟು ವರ್ಷದಲ್ಲಿ ಅದೆರಿತು ಒಂದು ಸಂಜೆಯೂ ತಪ್ಪಿಸಿದವನಲ್ಲ. ಆ ಸೋಮವಾರ ಬರಲಿಲ್ಲ. ಲಿಯೊನಿಲ್ಡೆ ಟೇಕ್ವಾಂಡೊ ಕ್ಲಬ್ಬಿನಲ್ಲಿ ಏಳೂವರೆ ತನಕ ಬಾಗಿಲನ್ನೇ ನೋಡುತ್ತ ಕೂತಳು. ಮಂಗಳವಾರವೂ ಸುಳಿವಿಲ್ಲ.

ಕೋಪ ಬಂದಿರಬೇಕು. ಬರುವಂಥದ್ದೇ.

ಒಂಬತ್ತನೇ ವಯಸ್ಸಿಗೆ ಟೇಕ್ವಾಂಡೊ ಶುರುಮಾಡಿದವಳು ಅವಳು. ಇಪ್ಪತ್ತೊಂದಕ್ಕೆ ಯುರೋಪಿನ ಕಂಚು ಗೆದ್ದಾಗ ಅವಳ ಬಂದರು ಊರು ಮಾತೊಸಿನ್ಯುಶ್ ಅವಳನ್ನು ಹೊತ್ತು ಕುಣಿದಿತ್ತು. ಆಮೇಲೆ ಬಲ ಮಂಡಿಗೆ ಎರಡು ಆಪರೇಷನ್. ಒಂದು ಒಲಿಂಪಿಕ್ಸ್ ಅದರಲ್ಲೇ ಹೋಯಿತು. ಈಗ ಇಪ್ಪತ್ತೊಂಬತ್ತು. ಕಳೆದ ಶನಿವಾರ ಬಲ್ಗೇರಿಯಾದಲ್ಲಿ ನಡೆದ ಅರ್ಹತಾ ಸುತ್ತಿನ ಸೆಮಿಫೈನಲ್ ಗೆದ್ದಿದ್ದರೆ ಈ ಸಲದ ಒಲಿಂಪಿಕ್ಸ್ ಖಾತ್ರಿಯಾಗುತ್ತಿತ್ತು. ಕೊನೆಯ ಎಂಟು ಸೆಕೆಂಡಿರುವಾಗ ಸರ್ಬಿಯಾದ ಹುಡುಗಿಯ ಎಡಗಾಲು ಇವಳ ಹೆಲ್ಮೆಟ್ಟಿಗೆ ತಾಗಿತು. ಅಲ್ಲಿಗೆ ಮುಗಿಯಿತು.

ಅದೆರಿತು ಅವಳ ಅಭ್ಯಾಸದ ಜೊತೆಗಾರ. ಎದುರಾಳಿಗಳ ವಿಡಿಯೋ ನೋಡಿ ಅವರಂತೆಯೇ ಒದೆಯಲು ಕಲಿತು ಅವಳೆದುರು ನಿಲ್ಲುತ್ತಿದ್ದ. ಒಂದು ವಾರ ಟರ್ಕಿಯವಳು, ಇನ್ನೊಂದು ವಾರ ಸ್ಪೇನ್‌ನವಳು. "ಇವತ್ತು ನಾನ್ಯಾರಪ್ಪ?" ಎಂದು ಹುಬ್ಬು ಹಾರಿಸಿದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಸೋತ ದಿನ ಅಂಥವನ ಮೇಲೇ ಎಲ್ಲರೆದುರು ಕಿರುಚಿದ್ದಳು: "ಆ ಎಡಗಾಲು ನೀನು ಒಂದು ದಿನಾನೂ ತೋರಿಸಲಿಲ್ಲ!" ಅವನು ಅವಳ ಬ್ಯಾಗು ಎತ್ತಿಕೊಂಡಿದ್ದ.

ಬುಧವಾರ ಬೆಳಿಗ್ಗೆ ಅವಳು ಬಂದರಿನ ಮೀನು ಹರಾಜಿನ ಕಟ್ಟೆಗೆ ಹೋದಳು. ಅವನ ಕೆಲಸ ಅಲ್ಲೇ. ರಬ್ಬರ್ ಬೂಟು ಹಾಕಿಕೊಂಡು ಬೂತಾಯಿ ಮೀನಿನ ಬುಟ್ಟಿಗಳಿಗೆ ಐಸ್ ಸುರಿಯುತ್ತಿದ್ದ.

"ತಪ್ಪು ನಂದು," ಎಂದಳು. "ಎಡಗಾಲಿನ ವಿಷಯ. ನೀನು ತೋರಿಸಿದ್ದೆ. ನಾನೇ ಮರೆತೆ."

"ನಲವತ್ತು ಸಲ ತೋರಿಸಿದ್ದೆ," ಎಂದ ಅವನು, ತಲೆಯೆತ್ತದೆ. "ಅದಕ್ಕಲ್ಲ ನಾನು ಬರದೇ ಇದ್ದಿದ್ದು."

"ಮತ್ತೆ?"

"ಭಾನುವಾರ ರಾತ್ರಿ ಇಲ್ಲೇ ರೇಡಿಯೋ ಹಚ್ಚಿದ್ರು. ಲಿಯೊನಿಲ್ಡೆ ಸೆರ್ರಾಂವ್ ಇನ್ನು ಆಡಲ್ಲ ಅಂತೆ. ನಿನ್ನ ಸಂದರ್ಶನ ಚೆನ್ನಾಗಿತ್ತು." ಸಲಿಕೆ ಕೆಳಗಿಟ್ಟ. "ನೀನು ಊರಿಗೆಲ್ಲ ಹೇಳಿದೆ. ನನಗೆ ಹೇಳೋಕೆ ಏನಾಗಿತ್ತು?"

ಅವಳ ಮುಖ ಬಿಸಿಯಾಯಿತು. ಇಂಥ ಏಟಿಗೆ ಯಾವ ಹೆಲ್ಮೆಟ್ಟೂ ಇರಲಿಲ್ಲ.

"ನಿನ್ನೆದುರು ಹೇಳೋಕೆ ಹೆದರಿದೆ, ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ," ಎಂದಳು ಮೆಲ್ಲಗೆ. "ಆಟ ಇಲ್ಲ ಅಂದ್ಮೇಲೆ ಸಂಜೆ ಬರೋಕೆ ನಿನಗೇನು ಕಾರಣ? ಮಂಡಿ ಹೋಗಿ ಎರಡು ವರ್ಷ ಆಯ್ತು, ಅದೆರಿತು. ಡಾಕ್ಟರು ಆವಾಗ್ಲೇ ಸಾಕು ಅಂದಿದ್ರು. ಸಂಜೆ ಏಳಕ್ಕೆ ನೀನು ಬರೋದು ತಪ್ಪತ್ತಲ್ಲ ಅಂತ ಆಟ ಎಳೆದುಕೊಂಡು ಬಂದೆ."

ಅವನು ಮೊದಲ ಸಲ ಅವಳನ್ನು ನೇರ ನೋಡಿದ. ಅವನ ರೆಪ್ಪೆಯ ಮೇಲೊಂದು ಮೀನಿನ ಹುರುಪೆ ಅಂಟಿತ್ತು, ಅವನಿಗೆ ಗೊತ್ತಿರಲಿಲ್ಲ.

"ನಿನಗೆ ತಲೆ ಸರಿ ಇದೆಯಾ? ಒದೆ ತಿನ್ನೋಕೆ ಯಾರಾದ್ರೂ ಎಂಟು ವರ್ಷ ಬರ್ತಾರಾ?"

"ಹಾಗಾದ್ರೆ ಯಾಕೆ ಬಂದೆ?"

"ಬಾಯಿಬಿಟ್ಟು ಹೇಳ್ಬೇಕಾ, ಮಾರಾಯ್ತಿ?"

"ಹೇಳ್ಬೇಕು."

ಪಕ್ಕದಲ್ಲಿ ಮೀನು ಆರಿಸುತ್ತಿದ್ದ ಹೆಂಗಸು ದೋನಾ ಅಲ್ಬರ್ತೀನಾಗೆ ತಡೆಯಲಾಗಲಿಲ್ಲ. "ಬೇಗ ಹೇಳೋ, ಐಸ್ ಕರಗ್ತಾ ಇದೆ!"

ಅವನು ಹೇಳಿದ. ಹರಾಜಿನ ಕೂಗಿನ ನಡುವೆ, ಸುತ್ತಲಿನವರು ಕಿವಿ ನೆಟ್ಟಿರುವಾಗ, ಮೂರೇ ಮಾತು. ಲಿಯೊನಿಲ್ಡೆ ಅವನ ರೆಪ್ಪೆಯ ಹುರುಪೆಯನ್ನು ಬೆರಳಲ್ಲಿ ತೆಗೆದು, ಕೈಯನ್ನು ಅವನ ಕೆನ್ನೆಯ ಮೇಲೇ ಬಿಟ್ಟಳು.

"ಭಾನುವಾರ ಮಧ್ಯಾಹ್ನ ಮನೆಗೆ ಬಾ," ಎಂದಳು. "ಅಮ್ಮ ಉಪ್ಪು ಮೀನಿನ ಬಕಲ್ಯಾವ್ ಮಾಡ್ತಾಳೆ. ನಾನು ಎರಡು ಸಲ ಬಡಿಸ್ಕೊಂಡು ತಿಂತೀನಿ, ಇನ್ನು ತೂಕ ನೋಡೋರಿಲ್ಲ."

"ಬಂದು ಏನಂತ ಹೇಳ್ಲಿ? ಅಭ್ಯಾಸದ ಜೊತೆಗಾರ ಅಂತಾನಾ?"

"ಬರೀ ಜೊತೆಗಾರ ಅನ್ನು," ಎಂದಳು ಅವಳು. "ಅಮ್ಮನಿಗೆ ಅರ್ಥ ಆಗತ್ತೆ."